ಬಾಸ್ ಹಿಡಿದ ಗಿಟಾರ್ ಕೈ

ಗಿಟಾರಿನಲ್ಲಿ ಕೈ ಪಳಗಿದವರಿಗೆ ಬಾಸ್ ಸಲೀಸು ಅನ್ನಿಸುವುದು ಸಹಜ. ಅದೇ ಇ, ಎ, ಡಿ, ಜಿ ತಂತಿಗಳು, ಒಂದು ಸ್ಥಾಯಿ ಕೆಳಗೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬಾಸಿನದು 41. ಆದರೆ ಬಾಸ್ ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು, ಫ್ರೆಟ್ಟುಗಳ ನಡುವೆ ಬೆರಳು ಚಾಚಲೇಬೇಕು. ಅದಕ್ಕಿಂತ ಕಷ್ಟದ್ದು ಮೀಟಿದ ಸ್ವರವನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದು. ಎಡಗೈ ಬೆರಳು ತುಸು ಸಡಿಲಿಸಿದರೆ ಸ್ವರ ಅಲ್ಲೇ ಅಡಗುತ್ತದೆ, ಆ ಬಿಡುವಿನಲ್ಲಿ ಡ್ರಮ್ಮಿನ ಪೆಟ್ಟು ಎದ್ದು ಕೇಳುತ್ತದೆ. ಈ ಸಂಯಮಕ್ಕೆ ನಾನು ಮಾರುಹೋಗಿದ್ದೇನೆ.

1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟಾಗ, ಗಿಟಾರ್ ನುಡಿಸುತ್ತಿದ್ದ ಪಾಲ್ ಮೆಕಾರ್ಟ್ನಿ ಬಾಸ್ ಹಿಡಿದರು. ಮಟ್ಟು ಕಟ್ಟಬಲ್ಲ ಆ ಕೈ ಬಾಸನ್ನೇ ಹಾಡಿಸಿತು. ನಮ್ಮಲ್ಲೇ ಕೇಳಬೇಕೆಂದರೆ, ಷರೀಫರ ಪದಗಳನ್ನು ಹಾಡುವ ರಘು ದೀಕ್ಷಿತ್ ತಂಡದಲ್ಲಿ ವರ್ಷಗಟ್ಟಲೆ ಬಾಸ್ ನುಡಿಸಿದ ಗೌರವ್ ವಾಜ್ ಅವರತ್ತ ಕಿವಿಗೊಡಿ.