ಸಾವಿರ ವ್ಯಾಟು ಇದೆ, ಮಾತೇ ಕೇಳಿಸ್ತಿಲ್ಲ

ಕನ್ನಡ ಸಿನಿಮಾವನ್ನು ಕನ್ನಡದವರೇ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡೋದನ್ನ ಈಗ ಎಷ್ಟೋ ಮನೆಗಳಲ್ಲಿ ನೋಡ್ತಿದ್ದೀನಿ. ಯಾಕೆ ಅಂತ ಕೇಳಿದರೆ "ಡೈಲಾಗ್ ಸರಿಯಾಗಿ ಕೇಳ್ಸಲ್ಲ ಮಗಾ" ಅಂತಾರೆ. ಹಾಗಂತ ಆ ಮನೆಗಳಲ್ಲಿ ಸ್ಪೀಕರಿಗೇನೂ ಬರ ಇಲ್ಲ. ಟಿವಿ ಕೆಳಗೆ ಒಂದು, ಅಕ್ಕಪಕ್ಕ ಎರಡು, ಸೋಫಾ ಹಿಂದೆ ಎರಡು, ಮೂಲೆಯಲ್ಲಿ ನೀಲಿ ದೀಪ ಮಿನುಗಿಸುತ್ತಾ ಕೂತಿರುವ ಸಬ್ ವೂಫರ್ ಬೇರೆ. ಬಾಂಬ್ ಬಿದ್ದರೆ ಗೋಡೆ ನಡುಗುತ್ತೆ. ನಾಯಕಿ ಮೆಲ್ಲಗೆ ಏನಾದರೂ ಹೇಳಿದಳೋ, ರಿಮೋಟ್ ಹುಡುಕಬೇಕು. ಸೌಂಡ್ ಜಾಸ್ತಿ ಮಾಡಿ ಕೂತರೆ ಮುಂದಿನ ಸೀನಲ್ಲಿ ಫೈಟು, ಒಳಗೆ ಮಲಗಿದ್ದ ಮಗು ಎದ್ದು ಅಳೋಕೆ ಶುರು.

ಮಧ್ಯಮ ಬಜೆಟ್ಟಿನ ಹೋಂ ಥಿಯೇಟರುಗಳ ಮೇಲೆ ನನ್ನ ತಕರಾರು ಇದೇ. ಸಿನಿಮಾ ಅಂದರೆ ಬಹುಪಾಲು ಮನುಷ್ಯರು ಮಾತಾಡೋದು. ಆ ಮಾತನ್ನು ಸ್ಪಷ್ಟವಾಗಿ ದಾಟಿಸೋದು ಸ್ಪೀಕರಿನ ಮೊದಲ ಕೆಲಸ. 40ರಿಂದ 60 ಸಾವಿರ, ಅಂದರೆ ಒಂದು ಒಳ್ಳೆ ಫೋನಿನ ದುಡ್ಡು, ಕೊಟ್ಟಾಗ ಈ ಕೆಲಸ ಚೆನ್ನಾಗೇ ಆಗಬೇಕು. ಆಗುತ್ತೆ ಕೂಡ. ಆದರೆ ಅಂಗಡಿಯಲ್ಲಿ ನಮಗೆ ಮಾರೋದು ಬೇರೆಯದನ್ನೇ: ಸ್ಪೀಕರುಗಳ ಲೆಕ್ಕ ಮತ್ತು ವ್ಯಾಟುಗಳ ಲೆಕ್ಕ.

ವ್ಯಾಟಿನ ಕಥೆ ಮೊದಲು ಮುಗಿಸಿಬಿಡೋಣ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 87 ಡೆಸಿಬಲ್ ಸದ್ದು ಬರುತ್ತೆ. ಮೂರು ಮೀಟರ್ ದೂರದ ಸೋಫಾಗೆ ಬರುವಷ್ಟರಲ್ಲಿ ಹೆಚ್ಚೆಂದರೆ ಹತ್ತು ಡೆಸಿಬಲ್ ಇಳೀಬಹುದು, ಆಗಲೂ 77 ಉಳಿಯಿತು. ನಾವು ಮನೆಯಲ್ಲಿ ಮಾತಾಡೋದು 60-65ರ ಆಸುಪಾಸಿನಲ್ಲಿ. ಅಂದರೆ ಪಾತ್ರಗಳು ಮಾತಾಡುವಾಗ ನಿಮ್ಮ ಸ್ಪೀಕರು ತಿನ್ನೋದು ಒಂದು ವ್ಯಾಟಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಫೈಟಿನ ಅಬ್ಬರ 95 ಡೆಸಿಬಲ್ ಮುಟ್ಟಲಿ ಅಂದರೂ 50-60 ವ್ಯಾಟ್ ಸಾಕು. ವ್ಯಾಟ್ ಎರಡರಷ್ಟು ಮಾಡಿದರೆ ಹೆಚ್ಚೋದು ಬರೀ 3 ಡೆಸಿಬಲ್. ಕಿವಿಗೆ "ಸ್ವಲ್ಪ ಜಾಸ್ತಿ ಆಯ್ತೇನೋ" ಅನ್ನಿಸುವಷ್ಟು. ಹಾಗಿದ್ದಾಗ ಡಬ್ಬದ ಮೇಲಿನ ಸಾವಿರ ವ್ಯಾಟ್ ಎಲ್ಲಿಂದ ಬಂತು? ಹಳೇ ಕಾಲದಲ್ಲಿ ಪಿಎಂಪಿಒ ಅಂತ ಬರೀತಿದ್ದರು, ಅದಕ್ಕೆ ಒಪ್ಪಿತವಾದ ಅಳತೆಯೇ ಇರಲಿಲ್ಲ, ಬಾಯಿಗೆ ಬಂದದ್ದೇ ಸಂಖ್ಯೆ. ಈಗ ಆರ್‌ಎಂಎಸ್ ಅಂತ ಬರೆದಿದ್ದರೂ ಎಷ್ಟೋ ಕಡೆ ಚಿಕ್ಕ ಅಕ್ಷರದಲ್ಲಿ 10 ಪರ್ಸೆಂಟ್ ಡಿಸ್ಟಾರ್ಷನ್ ಅಂತಿರುತ್ತೆ. ಸದ್ದು ಹರಿದು ಚಿಂದಿಯಾಗುವ ಹಂತದಲ್ಲಿ ಅಳೆದ ವ್ಯಾಟು ಅದು.

ಇನ್ನು ಒಂದೇ ಡಬ್ಬದಲ್ಲಿ ಬರುವ 5.1. ಐದು ಪುಟ್ಟ ಸ್ಪೀಕರು, ಒಂದು ದೊಡ್ಡ ಸಬ್ ವೂಫರ್, ಎಲ್ಲ ಸೇರಿ 20 ಸಾವಿರದ ಒಳಗೆ. ನೋಡೋಕೆ ಭಾರೀ ಲಾಭದ ವ್ಯಾಪಾರ. ಆದರೆ ಆ ಪುಟ್ಟ ಸ್ಪೀಕರಿನ ಜಾಲರಿ ತೆಗೆದು ನೋಡಿ (ತೆಗೆಯೋಕೆ ಬಂದರೆ). ಎರಡೂವರೆ, ಮೂರು ಇಂಚಿನ ಒಂದೇ ಕೋನ್. ಟ್ವೀಟರ್ ಬಹಳ ಸಲ ಇರೋದೇ ಇಲ್ಲ. ಅಷ್ಟು ಚಿಕ್ಕ ಕೋನ್ 150-200 ಹರ್ಟ್ಜ್‌ಗಿಂತ ಕೆಳಗಿನದನ್ನು ಸರಿಯಾಗಿ ನುಡಿಸಲಾರದು. ಆ ಭಾಗವೆಲ್ಲ ಸಬ್ ವೂಫರ್ ಪಾಲಿಗೆ ಹೋಗುತ್ತೆ. ಗಂಡಸಿನ ದನಿಯ ಬುಡ ಇರೋದು ಸುಮಾರು 85ರಿಂದ 155 ಹರ್ಟ್ಜ್ ನಡುವೆ. ಅಂದರೆ ಹೀರೋ ಮಾತಾಡಿದಾಗ ಅವನ ದನಿಯ ಮೇಲ್ಭಾಗ ಟಿವಿ ಕೆಳಗಿನಿಂದ, ಕೆಳಭಾಗ ಕಿಟಕಿ ಮೂಲೆಯಿಂದ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬರ್ತಿದೆ ಅಂತ ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ, ಅದಕ್ಕೇ ಸಬ್ ವೂಫರನ್ನು ಮೂಲೆಗೆ ತಳ್ಳಬಹುದು ಅನ್ನೋದು. 150ಕ್ಕೆ ಈ ಆಟ ನಡೆಯಲ್ಲ. ಡ್ರಮ್ಮಿನ ಒಳಗೆ ಬಾಯಿಟ್ಟು ಮಾತಾಡಿದ ಹಾಗೆ ಅನ್ನಿಸುತ್ತಲ್ಲ, ಅದು ಇದೇ.

ನನ್ನಪ್ಪನಿಗೆ ಎಪ್ಪತ್ತೆರಡು. ತಿಪಟೂರಿಂದ ಬಂದು ಭಾವನ ಮನೆಯಲ್ಲಿ ವಾರ ಇದ್ದಾಗ ಎಲ್ಲರೂ ಸೇರಿ ಸಿನಿಮಾಗೆ ಕೂತಿದ್ದೆವು. ಇಂಥದೇ ಒಂದು ಡಬ್ಬದ 5.1. "ಏನಂದ ಅವನು?" ಅಂತ ಒಂದ್ಸಲ ಕೇಳಿದರು, ಅಕ್ಕ ಹೇಳಿದಳು. ಇನ್ನೊಂದ್ಸಲ ಕೇಳಿದರು, ಹೇಳಿದಳು. ಆಮೇಲೆ ಕೇಳೋದು ಬಿಟ್ಟರು. ಇಂಟರ್ವಲ್ಲಿನ ಹೊತ್ತಿಗೆ ರೂಮಿಗೆ ಹೋಗಿ ಫೋನ್ ನೋಡ್ತಾ ಮಲಗಿದ್ದರು. "ಅಪ್ಪಂಗೆ ಕಿವಿ ಮಂದ ಆಗ್ತಿದೆ" ಅಂದ ಭಾವ. ಆಗ್ತಿರಬಹುದು. ವಯಸ್ಸಾದಂತೆ ಮೊದಲು ಹೋಗೋದು ಮೇಲಿನ ಸ್ವರಗಳು, ಅಂದರೆ ಸ, ಶ, ತ, ಕ ಇಂಥ ವ್ಯಂಜನಗಳ ಚೂಪು ಇರುವ ಜಾಗ. ಮಾತಿನ ಜೋರು ಸ್ವರಾಕ್ಷರದಲ್ಲಿ, ಅರ್ಥ ವ್ಯಂಜನದಲ್ಲಿ. ಮಂದ ಸ್ಪೀಕರಿನ ವಾಲ್ಯೂಮ್ ಏರಿಸಿದರೆ ಅಆಇಈ ಜೋರಾಗುತ್ತೆ, ಗೂಂ ಅನ್ನೋದು ಇನ್ನೂ ಜೋರಾಗುತ್ತೆ, ಪದ ಮಾತ್ರ ಹಾಗೇ ಉಳಿಯುತ್ತೆ. ಅದೇ ಅಪ್ಪ ನನ್ನ ಮನೆಯಲ್ಲಿ, ಟ್ವೀಟರ್ ಇರುವ ಎರಡು ಸಾದಾ ಬುಕ್‌ಶೆಲ್ಫ್ ಸ್ಪೀಕರಿನ ಎದುರು ಕೂತು, ಭಾವನ ಮನೆಗಿಂತ ಕಡಿಮೆ ಸೌಂಡಿನಲ್ಲಿ ಪೂರ್ತಿ ಸಿನಿಮಾ ನೋಡಿ, ಸೆಕೆಂಡ್ ಹಾಫ್ ಎಳೆದಿದ್ದಾನೆ ಅಂತ ಬೈದು ಎದ್ದರು.

ಅಂಗಡಿಯ ಡೆಮೋ ಅನ್ನೋದು ಈ ಸಮಸ್ಯೆಯನ್ನು ಮುಚ್ಚಿಡೋಕೆ ಅಂತಲೇ ಹುಟ್ಟಿದ ಕಲೆ. ದೊಡ್ಡ ಶೋರೂಮೊಂದರಲ್ಲಿ ಹುಡುಗ ನನಗೆ ಹಾಕಿ ತೋರಿಸಿದ್ದು ಮೂರು ಕ್ಲಿಪ್: ಕಾರ್ ರೇಸು, ಗುಡುಗು-ಮಳೆ, ಹೆಲಿಕಾಪ್ಟರು. "ಯಾರಾದ್ರೂ ಮಾತಾಡೋದು ಹಾಕಪ್ಪ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದ. ನಾನೇ ಫೋನಿಂದ ‘ತಿಥಿ’ ಹಾಕಿಸಿದೆ. ಸ್ಪೀಕರ್ ಪರೀಕ್ಷೆಗೆ ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆ ಕನ್ನಡ ಸಿನಿಮಾ ಇಲ್ಲ. ಮಾತನ್ನು ಮುಚ್ಚಿಹಾಕುವ ಹಿನ್ನೆಲೆ ಸಂಗೀತ ಇಲ್ಲ, ಮಂಡ್ಯದ ಹಳ್ಳಿ ಮಾತು, ನಟರಲ್ಲದ ಜನ, ಸ್ಟುಡಿಯೋದಲ್ಲಿ ನಯಗೊಳಿಸದ ದನಿಗಳು. ಸೆಂಚುರಿ ಗೌಡ ಕೂತು ದಾರಿಹೋಕರನ್ನು ಬೈಯುವ ಸೀನಿನಲ್ಲಿ ಪ್ರತಿ ಬೈಗುಳ ಬಿಡಿಬಿಡಿಯಾಗಿ ಕೇಳಿಸಿದರೆ ಆ ಸ್ಪೀಕರು ಪಾಸು. ಗದ್ದಪ್ಪನ ಗೊಣಗಾಟ ಅರ್ಥವಾದರೆ ಡಿಸ್ಟಿಂಕ್ಷನ್ನು. ಹೆಲಿಕಾಪ್ಟರ್ ಹಾರಿಸಿದ ಸೆಟ್ಟು ಇಲ್ಲಿ ಫೇಲಾಯ್ತು, ಅದೇ ಕೋಣೆಯಲ್ಲಿ ಧೂಳು ಹಿಡಿದಿದ್ದ, ಅದರ ಅರ್ಧ ಗಾತ್ರವೂ ಇಲ್ಲದ ಒಂದು ಜೋಡಿ ಪಾಸಾಯ್ತು. ಹುಡುಗನಿಗೂ ವ್ಯತ್ಯಾಸ ಗೊತ್ತಾಯ್ತು. "ಸರ್, ಆದ್ರೆ ಇದ್ರಲ್ಲಿ ಬ್ಯಾಕಲ್ಲಿ ಏನೂ ಬರಲ್ಲ" ಅಂತ ಮಾತ್ರ ಹೇಳಿದ, ಪಾಪ.

ಸೌಂಡ್‌ಬಾರ್ ಬಗ್ಗೆ ನನಗೆ ಅಷ್ಟೊಂದು ಕೋಪ ಇಲ್ಲ. ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರಿಗೆ ಅದೇ ಸರಿ. ಕೋಪ ಇರೋದು ಅದರ ಮೇಲಿನ ಅಟ್ಮಾಸ್ ಸ್ಟಿಕ್ಕರ್ ಮೇಲೆ. 2012ರಲ್ಲಿ ‘ಬ್ರೇವ್’ ಸಿನಿಮಾ ಜೊತೆ ಬಂದಾಗ ಅಟ್ಮಾಸ್ ಅಂದರೆ ಥಿಯೇಟರಿನ ಚಾವಣಿಯಲ್ಲಿ ನಿಜವಾದ ಸ್ಪೀಕರುಗಳು. ಸೌಂಡ್‌ಬಾರಿನಲ್ಲಿ ಅದು ಸದ್ದನ್ನು ಮೇಲಕ್ಕೆ ಹೊಡೆದು ಚಾವಣಿಯಿಂದ ಪುಟಿಸುವ ಲೆಕ್ಕಾಚಾರ, ಇನ್ನೂ ಅಗ್ಗದ್ದಾದರೆ ಪುಟಿಸೋದೂ ಇಲ್ಲ, ಬರೀ ಸಾಫ್ಟ್‌ವೇರಿನ ಭ್ರಮೆ. ಪುಟಿಯೋಕೆ ಚಾವಣಿ ಸಪಾಟಾಗಿರಬೇಕು. ನಮ್ಮಲ್ಲಿ ಮೆಟ್ಟಿಲು ಮೆಟ್ಟಿಲಾದ ಫಾಲ್ಸ್ ಸೀಲಿಂಗು, ನಡುವೆ ತಿರುಗುವ ಫ್ಯಾನು. ಪಕ್ಕದಿಂದ ಪುಟಿಯೋಕೆ ಎರಡೂ ಬದಿ ಗೋಡೆ ಬೇಕು. ಬೆಂಗಳೂರಿನ ಟೂ ಬೆಡ್‌ರೂಮ್ ಫ್ಲಾಟಿನಲ್ಲಿ ಹಾಲಿನ ಒಂದು ಬದಿ ಸಾಮಾನ್ಯವಾಗಿ ಡೈನಿಂಗಿಗೆ ತೆರೆದುಕೊಂಡಿರುತ್ತೆ. ಸದ್ದು ಹೋಗಿ ಫ್ರಿಜ್ಜಿಗೆ ಬಡಿಯುತ್ತೆ. ಸೌಂಡ್‌ಬಾರೇ ತಗೊಳ್ಳೋದಾದರೆ 3.1 ಅಂತ ಇರೋದನ್ನು ನೋಡಿ. ಮಧ್ಯದ ಆ ಮೂರನೇ ಚಾನೆಲ್ ಮಾತಿಗೆ ಮೀಸಲು. ಅಟ್ಮಾಸ್ ಅಂತ ಬರೆದ 2.1ಗಿಂತ ಅದು ಎಷ್ಟೋ ವಾಸಿ.

ನಾನು ಹೇಳೋದು ಬಿಡಿಬಿಡಿಯಾಗಿ ಕೊಳ್ಳಿ ಅಂತ. ಅರ್ಧದಷ್ಟು ದುಡ್ಡು ಆರಂಭದ ಮಟ್ಟದ ಒಂದು ಎವಿ ರಿಸೀವರಿಗೆ ಹೋಗುತ್ತೆ, ಹೊಟ್ಟೆ ಉರಿಯುತ್ತೆ, ಆದರೆ ಹತ್ತು ವರ್ಷ ಬರುತ್ತೆ. ಉಳಿದದ್ದು ಪೂರ್ತಿ ಮುಂದಿನ ಸ್ಪೀಕರುಗಳಿಗೆ. ಐದೂವರೆ ಆರು ಇಂಚಿನ ವೂಫರ್, ಒಂದು ಇಂಚಿನ ಟ್ವೀಟರ್ ಇರುವ ಬುಕ್‌ಶೆಲ್ಫ್ ಜೋಡಿ ಸಾಕು. ಇದರಲ್ಲಿ ಗಂಡಸಿನ ದನಿ ಇಡಿಯಾಗಿ ಒಂದೇ ಪೆಟ್ಟಿಗೆಯಿಂದ ಬರುತ್ತೆ. ಮನೆಯಲ್ಲಿ ನೀವಿಬ್ಬರೇ, ಸೋಫಾದ ನಡುವೆ ಕೂರ್ತೀರಿ ಅಂದರೆ ಸೆಂಟರ್ ಸ್ಪೀಕರ್ ಕೂಡ ಬೇಡ. ಎರಡು ಸ್ಪೀಕರ್ ಸರಿಯಾಗಿಟ್ಟರೆ ಮಾತು ಟಿವಿಯ ನಡುವಿಂದಲೇ ಬಂದ ಹಾಗಿರುತ್ತೆ. ಸರಿಯಾಗಿ ಅಂದರೆ ಟ್ವೀಟರ್ ಕಿವಿಯ ಎತ್ತರಕ್ಕೆ, ಎರಡರ ನಡುವಿನ ಅಂತರ ಸೋಫಾದ ದೂರಕ್ಕೆ ಹತ್ತಿರ ಹತ್ತಿರ. ಷೋಕೇಸಿನ ಮೇಲಿನ ಅರೆಯಲ್ಲಿ, ಗಣಪತಿ ಪಕ್ಕ ಇಡೋದಲ್ಲ.

ಆದರೆ ಅಪ್ಪ-ಅಮ್ಮ ಬಂದಾಗ ಒಬ್ಬರು ಪಕ್ಕದ ದಿವಾನದ ಮೇಲೆ ಒರಗುತ್ತಾರಲ್ಲ, ಅಲ್ಲಿಗೆ ಈ ನಡುವಿನ ಭ್ರಮೆ ತಲುಪಲ್ಲ, ಹತ್ತಿರದ ಸ್ಪೀಕರೇ ಮಾತಾಡಿದ ಹಾಗೆ ಕೇಳುತ್ತೆ. ಅವರಿಗಾಗಿ ಸೆಂಟರ್ ಬೇಕು. ಇಲ್ಲೂ ಒಂದು ಕಿರಿಕ್ಕಿದೆ. ಉದ್ದಕ್ಕೆ ಮಲಗಿಸಿದ, ಎರಡು ವೂಫರಿನ ನಡುವೆ ಟ್ವೀಟರ್ ಇರುವ ಮಾಮೂಲಿ ಸೆಂಟರುಗಳಲ್ಲಿ ಬದಿಗೆ ಹೋದಂತೆ ಎರಡು ವೂಫರಿನ ಸದ್ದು ಒಂದನ್ನೊಂದು ತಿನ್ನುತ್ತೆ, ತಿನ್ನೋದು ಮಾತಿನ ಜಾಗದಲ್ಲೇ. ದಿವಾನದವರಿಗೆ ಅಂತ ತಂದದ್ದು ದಿವಾನದವರಿಗೇ ಕೇಳಲ್ಲ. ಟಿವಿ ಕೆಳಗೆ ಎತ್ತರ ಇದ್ದರೆ ಅದೇ ಬುಕ್‌ಶೆಲ್ಫ್ ಇನ್ನೊಂದನ್ನು ನೆಟ್ಟಗೆ ನಿಲ್ಲಿಸೋದು ಉತ್ತಮ. ಜೋಡಿಯಲ್ಲೇ ಮಾರ್ತಾರೆ, ನಾಲ್ಕನೆಯದನ್ನು ಏನು ಮಾಡೋದು ಅಂತೀರಾ? ಇನ್ನೊಬ್ಬ ಇಂಥದೇ ಹುಚ್ಚನನ್ನು ಆಫೀಸಲ್ಲಿ ಹುಡುಕಿ. ಸೆಂಟರನ್ನು ಟಿವಿ ಯೂನಿಟ್ಟಿನ ಗೂಡಿನೊಳಕ್ಕೆ ತಳ್ಳಬೇಡಿ, ಮುಂದಿನ ಅಂಚಿಗೆ ಎಳೆದು, ಎರಡು ರಬ್ಬರ್ ತುಂಡು ಕೊಟ್ಟು ಮುಖ ಸ್ವಲ್ಪ ಮೇಲೆ ಮಾಡಿ.

ಹಿಂದಿನ ಎರಡು ಸ್ಪೀಕರಿಗೆ ಈ ಬಜೆಟ್ಟಿನಲ್ಲಿ ಜಾಗವೇ ಇಲ್ಲ. ‘ಬಂಗಾರದ ಮನುಷ್ಯ’ದ ಕಾಲದ ಸಿನಿಮಾಗಳ ಸೌಂಡ್ ಮೋನೋ, ಅದಕ್ಕೆ ಹಿಂದೆ ಮುಂದೆ ಅನ್ನೋದೇ ಇಲ್ಲ. ಈಗಿನ ಎಷ್ಟೋ ಕನ್ನಡ ಸಿನಿಮಾಗಳೂ ಒಟಿಟಿಯಲ್ಲಿ ಬರೀ ಸ್ಟೀರಿಯೋದಲ್ಲಿ ಬರ್ತವೆ. ಆಗ ರಿಸೀವರಿನ ಡಾಲ್ಬಿ ಸರೌಂಡ್ ಮೋಡ್ ಹಾಕಿದರೆ ಎಡಬಲ ಎರಡಕ್ಕೂ ಸಾಮಾನ್ಯವಾದ ಭಾಗವನ್ನು, ಅಂದರೆ ಹೆಚ್ಚಾಗಿ ಮಾತನ್ನು, ಸೆಂಟರಿಗೆ ಕಳಿಸುತ್ತೆ. ಟಿವಿಯಿಂದ ರಿಸೀವರಿಗೆ ಆಪ್ಟಿಕಲ್ ಬದಲು ಎಚ್‌ಡಿಎಂಐ ಎಆರ್‌ಸಿ ಬಳಸಿ, ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಪಿಸಿಎಂ ಅಂತಿದ್ದರೆ ತೆಗೆದು ಪಾಸ್ ಥ್ರೂ ಮಾಡಿ. ಸ್ಪೀಕರ್ ವೈರಿಗೆ ಸಾವಿರಾರು ರೂಪಾಯಿ ಕೇಳುವವರಿದ್ದಾರೆ, ಅದರಿಂದ ಸದ್ದಿಗೆ ‘ಗಾಳಿ’ ಬರುತ್ತೆ ಅನ್ನೋರಿದ್ದಾರೆ. ಎಸ್‌ಪಿ ರೋಡಿಗೆ ಹೋಗಿ ದಪ್ಪನೆ ತಾಮ್ರದ ವೈರು ಮೀಟರ್ ಲೆಕ್ಕದಲ್ಲಿ ತನ್ನಿ. ಬರುವಾಗ ಅಲ್ಲೇ ಹತ್ತಿರದಲ್ಲಿ ದೋಸೆ ತಿನ್ನೋಕೂ ದುಡ್ಡು ಉಳಿಯುತ್ತೆ.

ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್ರ್ ಅಂತ ಬಾಲ ಎಳೆದರೆ ಯಾವ ಸ್ಪೀಕರ್ ತಂದರೂ ಮಾತು ಕಲಸುತ್ತೆ. ವಿಟ್ರಿಫೈಡ್ ಟೈಲ್ಸು, ಬಾಲ್ಕನಿಯ ಗಾಜಿನ ಬಾಗಿಲು, ಖಾಲಿ ಗೋಡೆ: ಬಾತ್‌ರೂಮಿಗೂ ನಮ್ಮ ಹಾಲಿಗೂ ಸದ್ದಿನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ. ಬಾಗಿಲಿಗೆ ದಪ್ಪ ಕರ್ಟನ್ನು, ಸ್ಪೀಕರಿಗೂ ಸೋಫಾಗೂ ನಡುವೆ ನೆಲಕ್ಕೆ ಏನಾದರೂ ಹಾಸಿ. ಜಮಖಾನ ಚೆಂದ, ಆದರೆ ತೆಳು. ಅದರ ಕೆಳಗೆ ಊರಿನ ಹಳೇ ಕಂಬಳಿ ಮಡಿಸಿ ಹಾಕಿದರೆ ಕೆಲಸ ಮಾಡುತ್ತೆ. ಪುಸ್ತಕದ ಕಪಾಟು ಇದ್ದರೆ ಸೋಫಾದ ಹಿಂದಿನ ಗೋಡೆಗೆ ತನ್ನಿ.

ಸಬ್ ವೂಫರ್ ಮುಂದಿನ ಬೋನಸ್‌ಗೆ ಇಟ್ಟುಕೊಳ್ಳಿ. ಬೇಡವೇ ಬೇಡ ಅಂತಲ್ಲ. ‘ಕಾಂತಾರ’ದ ಕೊನೆಯ ಭಾಗವನ್ನು ಸಬ್ ಇಲ್ಲದೆ ನೋಡಿದರೆ ಏನೋ ಕಳೆದುಕೊಂಡ ಹಾಗೆ ಅನ್ನಿಸೋದು ನಿಜ. ಬಂದಾಗ ಅದನ್ನು ಮೊದಲು ನೀವು ಕೂರುವ ಜಾಗದಲ್ಲೇ ಇಟ್ಟು, ಒಂದು ಬೇಸ್ ಇರುವ ಹಾಡು ಹಾಕಿ, ಗೋಡೆಯ ಅಂಚಲ್ಲಿ ಅಂಬೆಗಾಲಿಟ್ಟುಕೊಂಡು ಹೋಗಿ. ಎಲ್ಲಿ ಗೂಂ ಅನ್ನದೆ ಹದವಾಗಿ ಕೇಳುತ್ತೋ ಅಲ್ಲಿ ಸಬ್ ಇಡಿ. ಕ್ರಾಸ್‌ಓವರ್ 80ಕ್ಕೆ. ಮನೆಯವರು ನಗ್ತಾರೆ, ನಗಲಿ. ರಾತ್ರಿ ಹತ್ತಾದ ಮೇಲೆ ಮಾತ್ರ ಆಫ್ ಮಾಡಿಬಿಡಿ. ಮಾತು ಗೋಡೆಯಲ್ಲಿ ನಿಲ್ಲುತ್ತೆ, ಈ ಗುಡುಗು ಸ್ಲ್ಯಾಬಿನಲ್ಲೇ ಇಳಿದು ಕೆಳಗಿನ ಮನೆಯವರ ಮಂಚಕ್ಕೆ ಹೋಗುತ್ತೆ. ರಿಸೀವರಿನಲ್ಲಿ ನೈಟ್ ಮೋಡ್ ಅಂತ ಇರುತ್ತೆ, ಫೈಟಿನ ಸದ್ದು ತಗ್ಗಿಸಿ ಪಿಸುಮಾತನ್ನು ಮೇಲೆತ್ತುತ್ತೆ. ನಮ್ಮ ಮನೆಯಲ್ಲಿ ಅದು ಹಗಲೂ ಆನ್ ಇರುತ್ತೆ, ಅಪ್ಪ ಇದ್ದಾಗ.