ಓಪಿಜಿ ಕಂಡದ್ದು, ಕಾಣದ್ದು

2019ರಲ್ಲಿ ಚೆನ್ನೈನ ಸವೀತಾ ದಂತ ಕಾಲೇಜಿನಲ್ಲಿ ಏಳು ವರ್ಷದ ಹುಡುಗನ ಕೆಳದವಡೆಯಿಂದ 526 ಹಲ್ಲು ತೆಗೆದರು. ಎಲ್ಲವೂ ಸುಮಾರು 200 ಗ್ರಾಂ ತೂಗುವ ಒಂದೇ ಚೀಲದೊಳಗಿದ್ದವು. ಅತಿ ಚಿಕ್ಕದು 0.1 ಮಿಲಿಮೀಟರ್, ಅತಿ ದೊಡ್ಡದು 15. ಪತ್ರಿಕೆಗಳಲ್ಲಿ ಲೆಕ್ಕವೇ ಮೆರೆಯಿತು. ಮನೆಯವರು ದವಡೆಯ ಊತ ಗಮನಿಸಿದ್ದು ಮಗುವಿಗೆ ಮೂರು ವರ್ಷವಿದ್ದಾಗ, ಮಗು ತಪಾಸಣೆಗೆ ಒಗ್ಗದೆ ವರ್ಷಗಳೇ ಕಳೆದವು ಎಂಬುದು ಮೂಲೆ ಸೇರಿತು. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಎಕ್ಸ್‌-ರೇ ಮತ್ತು ಸಿ.ಟಿ. ಸ್ಕ್ಯಾನ್.

ಅಂಥದ್ದು ಅಪರೂಪಕ್ಕೊಮ್ಮೆ. ಕೊಯಮತ್ತೂರಿನ ಹತ್ತಿರದ ಮೆಟ್ಟುಪಾಳ್ಯಂ, ಪಕ್ಕದ ಸಿರುಮುಗೈಯ ಕನ್ನಡ ಮಾತಾಡುವ ನೇಕಾರರ ಮನೆಗಳು, ಎಲ್ಲಿಯಾದರೂ ಸರಿ, ಹೂತುಹೋದ ಹಲ್ಲುಗಳಲ್ಲಿ ಹೆಚ್ಚು ಎದುರಾಗುವುದು ಬುದ್ಧಿಹಲ್ಲು. ಅದನ್ನು ಬಿಟ್ಟರೆ ಅಂಗುಳದಲ್ಲಿ ಅಡ್ಡ ಮಲಗಿದ ಮೇಲಿನ ಕೋರೆಹಲ್ಲು. ನೋವಿಲ್ಲ, ಊತವಿಲ್ಲ. ಹಾಲುಹಲ್ಲು ಬೀಳದೆ ಕೂತಿರುತ್ತದೆ, ಅಷ್ಟೆ. ವೈದ್ಯರು ಓಪಿಜಿ ಎಂಬ ಎಕ್ಸ್‌-ರೇಗೆ ಬರೆಯುತ್ತಾರೆ. ಗದ್ದ ಊರಿ, ಕಡ್ಡಿ ಕಚ್ಚಿ ನಿಂತರೆ ಯಂತ್ರ ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ಬಿಡಿಸಿಡುತ್ತದೆ. ಮೂಗಿನ ಬುಡ, ಸೈನಸ್, ದವಡೆಯ ಕೀಲಿನ ಹತ್ತಿರ ಹೀಗೆ ಯಾರೂ ಹುಡುಕದ ಕಡೆ ಅಡಗಿದ ಹಲ್ಲನ್ನು ಹಿಡಿಯಲು ಇಷ್ಟು ಅಗ್ಗದ ಉಪಾಯ ಮತ್ತೊಂದಿಲ್ಲ.

ಆದರೆ ಅದನ್ನೇ ಕೊನೆಯ ಮಾತೆಂದು ನಂಬುವುದು ತಪ್ಪು. ಓಪಿಜಿಗೆ ಸ್ಪಷ್ಟವಾಗಿ ಕಾಣುವುದು ಹಲ್ಲುಸಾಲಿನಷ್ಟೇ ಅಗಲದ ಒಂದು ಪಟ್ಟಿ. ಅದರಾಚೆಗಿನದು ಮಸುಕು. ಬಾಯಿಯ ಮುಂಭಾಗದ ಮೇಲಂತೂ ಕತ್ತಿನ ಮೂಳೆಯ ನೆರಳು ಬೀಳುತ್ತದೆ. ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಹುಟ್ಟುವ ಹೆಚ್ಚುವರಿ ಹಲ್ಲು ಕಣ್ತಪ್ಪುವುದು ಅಲ್ಲೇ. ಕೋರೆಹಲ್ಲು ಇದೆ ಎಂದು ಚಿತ್ರ ಹೇಳುತ್ತದೆ. ಅಂಗುಳದ ಕಡೆಯೋ ತುಟಿಯ ಕಡೆಯೋ ಎಂದರೆ ತಡವರಿಸುತ್ತದೆ. ಒಸಡು ಎಲ್ಲಿ ಕೊಯ್ಯಬೇಕೆಂದು ತೀರ್ಮಾನಿಸಬೇಕಾದ ವೈದ್ಯರಿಗೆ ಬೇಕಾದದ್ದೇ ಆ ಉತ್ತರ.

ಅದಕ್ಕೆ ಕ್ಲಾರ್ಕ್ ಎಂಬಾತ 1910ರಲ್ಲೇ ದಾರಿ ತೋರಿಸಿದ್ದ. ಎರಡು ಸಣ್ಣ ಫಿಲಂ, ಎರಡನೆಯದಕ್ಕೆ ಟ್ಯೂಬನ್ನು ತುಸು ಪಕ್ಕಕ್ಕೆ ಸರಿಸುವುದು. ಹಲ್ಲಿನ ನೆರಳು ಟ್ಯೂಬಿನ ಜೊತೆಗೇ ಸರಿದರೆ ಹಲ್ಲು ಅಂಗುಳದ ಕಡೆ, ಎದುರು ದಿಕ್ಕಿಗೆ ಸರಿದರೆ ತುಟಿಯ ಕಡೆ. ಅದಕ್ಕೂ ಮೊದಲು ಬೆರಳಿದೆ: ಹತ್ತು ವರ್ಷದ ಹೊತ್ತಿಗೆ ಒಸಡಿನ ಮೇಲೆ ಕೋರೆಹಲ್ಲಿನ ಉಬ್ಬು ಕೈಗೆ ಸಿಗಬೇಕು. ಎರಿಕ್ಸನ್, ಕುರೋಲ್ ಎಂಬ ಸ್ವೀಡನ್ನಿನ ವೈದ್ಯರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕಾಲಕ್ಕೆ ಹಾಲುಕೋರೆ ಕಿತ್ತಾಗ ಅಂಗುಳದತ್ತ ವಾಲಿದ್ದ 46 ಹಲ್ಲುಗಳಲ್ಲಿ 36 ತಾವಾಗಿ ದಾರಿಗೆ ಬಂದವು.

ಇಷ್ಟನ್ನೂ ಬಿಟ್ಟು ನೇರ ಮೂರು ಆಯಾಮದ ಕೋನ್ ಬೀಮ್ ಸಿ.ಟಿ.ಗೆ ಬರೆದು ಕೊಯಮತ್ತೂರಿನ ಬಸ್ಸು ಹತ್ತಿಸಿದರೆ ಮಗುವಿಗೆ ಹೆಚ್ಚು ವಿಕಿರಣ, ಮನೆಯವರಿಗೆ ಒಂದು ದಿನದ ಮಗ್ಗ ಬಂದ್. ಹೂತ ಹಲ್ಲು ಪಕ್ಕದ ಹಲ್ಲಿನ ಬೇರನ್ನು ಕರಗಿಸುತ್ತಿದೆ ಎಂಬ ಅನುಮಾನ ಬಂದರೆ ಮಾತ್ರ ಮಾತು ಬೇರೆ. ಆಗ ಆ ಮೂರು ಆಯಾಮದ ಚಿತ್ರ ಬೇಕೇ ಬೇಕು. ಬಸ್ ಚಾರ್ಜಿನ ಮುಖ ನೋಡಬಾರದು.