ಉಡಾಳನ ಅವ್ವ

ಜರ್ಮನಿಯ ವೈದ್ಯ ಹೈನ್ರಿಚ್ ಹಾಫ್‌ಮನ್ 1840ರ ದಶಕದಲ್ಲಿ ಬರೆದ ಮಕ್ಕಳ ಪದ್ಯವೊಂದರಲ್ಲಿ ಫಿಲಿಪ್ ಎಂಬ ಹುಡುಗ ಊಟಕ್ಕೆ ಕೂತು ಕುರ್ಚಿ ತೂಗುತ್ತಾನೆ, ಕೊನೆಗೆ ಮೇಜಿನ ಬಟ್ಟೆ, ತಟ್ಟೆಗಳ ಸಮೇತ ಕೆಳಗೆ ಬೀಳುತ್ತಾನೆ. ಎಡಿಎಚ್‌ಡಿ ಬಗ್ಗೆ ಬರೆಯುವವರು ಈ ಫಿಲಿಪ್‌ನನ್ನು ಮತ್ತೆ ಮತ್ತೆ ನೆನೆಯುತ್ತಾರೆ. ನನ್ನನ್ನು ಕಾಡುವವಳು ಅವನ ಅವ್ವ. ಅಪ್ಪ ಗದರಿಸುತ್ತಾನೆ, ಅವಳು ಮಾತಿಲ್ಲದೆ ಮೇಜು ನೋಡುತ್ತಾಳೆ. ಪದ್ಯ ಅವಳಿಗೆ ಒಂದು ಮಾತೂ ಕೊಡುವುದಿಲ್ಲ, ಒಬ್ಬ ನೆರೆಯವಳನ್ನೂ ಕೊಡುವುದಿಲ್ಲ.

ನಮ್ಮ ಕಲ್ಲೂರಿನ ಕಡೆ ಇಂಥ ಹುಡುಗನಿಗೆ ‘ಉಡಾಳ’ ಅಂತೀವಿ. ಅಲ್ಲಿಗೆ ತೀರ್ಪು ಮುಗಿಯಿತು, ಅದರಲ್ಲಿ ಅವ್ವನಿಗೂ ಪಾಲುಂಟು. ತರಗತಿಯಲ್ಲಿ ಕಿಟಕಿ ನೋಡುತ್ತ ಕೂತ ಹುಡುಗಿಗಂತೂ ಆ ಹೆಸರೂ ಸಿಗದು. ದೊಡ್ಡವರಾದ ಮೇಲೆ ಇಬ್ಬರೂ ‘ಬೇಜವಾಬ್ದಾರಿ’ಗಳು.

ಪಾಲಕರು ಒಟ್ಟು ಸೇರುವ ಗುಂಪುಗಳು ಬೇಕಾಗುವುದು ಈ ಮೌನ ಒಡೆಯಲಿಕ್ಕೆ, ಆಮೇಲೆ ಹಕ್ಕು ಕೇಳಲಿಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಹೆಸರುಗಳ ಪಟ್ಟಿಯಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಒಬ್ಬೊಬ್ಬರೇ ಶಾಲೆಯ ಬಾಗಿಲು ತಟ್ಟಿದರೆ ಈ ಪಟ್ಟಿ ಬದಲಾದೀತೆ?

ಈ ಪದ್ಯದ ಕತೆಯನ್ನು ನಮ್ಮ ಓಣಿಯ ತಾಯಿಯೊಬ್ಬಳಿಗೆ ಹೇಳಿದೆ. ನಗಲಿಲ್ಲ. ‘ಇಂಥಾ ಹುಡುಗ ಇರೋ ಇನ್ನೊಂದು ಮನಿ ಎಲ್ಲೈತ್ರಿ?’ ಅಂದಳು.